ಗೋಲು ಹೊಡೆಯದವರ ಆಟ

‘ಇದು ಫುಟ್‌ಬಾಲ್ ಗೇಮೇ ಅಲ್ಲ’ ಅನ್ನುವುದು ಮೊದಲ ದೂರು. ‘ಎರಡು ಗಂಟೆಗೆ ಮುಗಿದೇ ಹೋಯ್ತು’ ಅನ್ನುವುದು ಎರಡನೆಯದು. ‘ದೆಸ್ಪೆಲೋತೆ’ ಆಡಿದ ಯಾರನ್ನೇ ಕೇಳಿ, ಮೆಚ್ಚಿದವರೂ ಮೆಚ್ಚದವರೂ ಈ ಎರಡು ಮಾತು ಹೇಳಿಯೇ ಮುಂದೆ ಹೋಗುತ್ತಾರೆ. ಮೆಚ್ಚದವರ ಮಾತು ಅಲ್ಲಿಗೇ ನಿಲ್ಲುತ್ತದೆ. ಮೆಚ್ಚಿದವರು ಆಮೇಲೆ ಗೇಮಿನ ವಿಷಯ ಬಿಟ್ಟು ತಮ್ಮ ಊರಿನ ಕಥೆ ಶುರು ಮಾಡುತ್ತಾರೆ: ನಮ್ಮ ಬೀದಿಯಲ್ಲಿ ಹೀಗಿತ್ತು, ನಮ್ಮ ಸ್ಕೂಲಿನ ಹಿಂದೆ ಇಂಥದೇ ಗ್ರೌಂಡ್ ಇತ್ತು, ನಮ್ಮಮ್ಮನೂ ಹೊತ್ತು ಮುಳುಗುವಾಗ ಹೀಗೇ ಕೂಗುತ್ತಿದ್ದರು. ನಾನು ಈ ಎರಡನೇ ಗುಂಪಿನವಳು. ನಮ್ಮಣ್ಣ ಮೊದಲನೇ ಗುಂಪು. ಅವನ ಮಗ ಎರಡರ ನಡುವೆ ಎಲ್ಲೋ ಇದ್ದಾನೆ. ಒಂದೇ ಮನೆಯ ಮೂವರಿಗೆ ಇಷ್ಟು ಚಿಕ್ಕ ಗೇಮ್ ಇಷ್ಟು ಬೇರೆಬೇರೆಯಾಗಿ ಕಂಡದ್ದು ಏಕೆಂದು ತಿಂಗಳುಗಟ್ಟಲೆ ಯೋಚಿಸಿದ್ದೇನೆ. ಆ ಯೋಚನೆಯ ಜೊತೆಗೇ ನನ್ನ ಬಾಲ್ಯದ ಒಂದು ವರ್ಷವೂ ಎದ್ದು ಬಂದಿದೆ.

ಗೇಮಿನ ಪರಿಚಯ ಮೊದಲು. ಮಾಡಿದವರು ಹುಲಿಯಾನ್ ಕೊರ್ದೆರೊ ಮತ್ತು ಸೆಬಾಸ್ತಿಯಾನ್ ವಾಲ್ಬುಯೆನಾ. ಪ್ಯಾನಿಕ್ ಎಂಬ ಸಂಸ್ಥೆ 2025ರ ಮೇ 1ರಂದು ಬಿಡುಗಡೆ ಮಾಡಿತು. ಕಥೆ ನಡೆಯುವುದು ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ರಾಜಧಾನಿ ಕೀಟೊದಲ್ಲಿ, 2001ನೇ ಇಸವಿಯಲ್ಲಿ. ನಾವು ಎಂಟು ವರ್ಷದ ಹುಲಿಯಾನ್ ಆಗಿರುತ್ತೇವೆ. ಅವನ ಕಣ್ಣಿನ ಎತ್ತರದಿಂದಲೇ ಊರು ಕಾಣುತ್ತದೆ. ದೊಡ್ಡವರ ಮುಖ ನೋಡಬೇಕಾದರೆ ತಲೆ ಎತ್ತಬೇಕು. ಆ ವರ್ಷ ಅವನ ದೇಶದ ತಂಡ ಮೊದಲ ಸಲ ವಿಶ್ವಕಪ್‌ಗೆ ಹೋಗುವ ಹೊಸ್ತಿಲಲ್ಲಿ ನಿಂತಿತ್ತು. ಇಡೀ ಊರಿಗೆ ಅದೇ ಮಾತು, ಅದೇ ರೇಡಿಯೊ, ಅದೇ ಟಿವಿ. ಹುಡುಗನ ಕಾಲಲ್ಲಿ ಒಂದು ಚೆಂಡು. ಅವನು ಪಾರ್ಕಿನಲ್ಲಿ ಅಲೆಯುತ್ತಾನೆ, ಕ್ಲಾಸಿನಲ್ಲಿ ಆಕಳಿಸುತ್ತಾನೆ, ಅಮ್ಮ ಹೇಳಿದ ಹೊತ್ತಿಗೆ ಮನೆ ಸೇರಬೇಕೆಂದು ಕೈಗಡಿಯಾರ ನೋಡಿಕೊಳ್ಳುತ್ತಾನೆ. ಕಥೆ ಅಂದರೆ ಇಷ್ಟೇ. ವಿಲನ್ ಇಲ್ಲ, ಲೆವೆಲ್ ಇಲ್ಲ, ಕಪ್ ಇಲ್ಲ.

ಬೀದಿ, ಮರ, ಕಟ್ಟಡಗಳೆಲ್ಲ ಹಳೆಯ ಫೋಟೊ ಥರ ಕಾಳುಕಾಳಾಗಿ, ಒಂದೊಂದು ದೃಶ್ಯಕ್ಕೆ ಒಂದೊಂದೇ ಬಣ್ಣದಲ್ಲಿ ಕಾಣುತ್ತವೆ. ಅದರ ಮೇಲೆ ಜನರು, ಚೆಂಡು, ಕೈಗೆ ಸಿಗುವ ಸಾಮಾನುಗಳು ಮಾತ್ರ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಗೀಚಿದ ಹಾಗೆ. ಮೊದಲ ಐದು ನಿಮಿಷ ಕಣ್ಣಿಗೆ ಒಗ್ಗುವುದಿಲ್ಲ. ಆಮೇಲೆ ತಿಳಿಯುತ್ತದೆ: ಮಗುವಿನ ನೆನಪಿನಲ್ಲಿ ಉಳಿಯುವುದೂ ಹೀಗೇ. ಗೋಡೆಯ ಬಣ್ಣ ಅಳಿಸಿಹೋಗಿರುತ್ತದೆ. ಗೋಡೆಗೆ ಒರಗಿ ನಿಂತವರ ಗೆರೆಗೆರೆಯೂ ಉಳಿದಿರುತ್ತದೆ.

ಇನ್ನು ಚೆಂಡು. ಬೇರೆ ಫುಟ್‌ಬಾಲ್ ಗೇಮ್‌ಗಳಲ್ಲಿ ಚೆಂಡು ಆಟಗಾರನ ಬೂಟಿಗೆ ಅಂಟಿದ ಹಾಗೆ ಓಡುತ್ತದೆ. ಇಲ್ಲಿ ಅದಕ್ಕೆ ಅದರದೇ ಸ್ವಭಾವ. ಕಂಟ್ರೋಲರಿನ ಬಲಗಡೆ ಸ್ಟಿಕ್ ತಟ್ಟಿದರೆ ಕಾಲು ಬೀಸುತ್ತದೆ. ಮೆಲ್ಲಗೆ ತಟ್ಟಿದರೆ ಚೆಂಡು ಉರುಳುತ್ತದೆ, ಜೋರಾಗಿ ತಟ್ಟಿದರೆ ಮರದ ಆಚೆ ಹೋಗಿ ಯಾರದೋ ಬೆನ್ನಿಗೆ ಬೀಳುತ್ತದೆ. ಪಾರ್ಕಿನ ಬೆಂಚಿನ ಮೇಲೆ ಹರಟುತ್ತ ಕೂತವರು ತಿರುಗಿ ಏನೋ ಅನ್ನುತ್ತಾರೆ. ಅವರು ಬೈದದ್ದು ಮುಗಿಯುವುದರೊಳಗೆ ಚೆಂಡು ಎತ್ತಿಕೊಂಡು ಓಡಬೇಕು ಅಂತ ಗೇಮ್ ಎಲ್ಲೂ ಹೇಳಿಕೊಡುವುದಿಲ್ಲ. ನನ್ನ ಬೆರಳಿಗೆ ಅದು ತಾನಾಗೇ ಗೊತ್ತಿತ್ತು. ಹೀಗೆ ಓಡುವಾಗ ಹಿಂದಿನಿಂದ ಮಾತಿನ ಚೂರುಗಳು ಕಿವಿಗೆ ಬೀಳುತ್ತವೆ. ಯಾರೋ ಸ್ಪೇನಿಗೆ ಹೊರಟವರು, ಯಾರಿಗೋ ಸಂಬಳ ಬಂದಿಲ್ಲ, ಯಾರದೋ ಬ್ಯಾಂಕಿನ ದುಡ್ಡು. ನಿಂತು ಕೇಳಿದರೆ ಪೂರ್ತಿ ಕೇಳಬಹುದು. ಆದರೆ ಎಂಟು ವರ್ಷದ ಹುಡುಗ ಯಾಕೆ ನಿಂತಾನು?

ಆ ಮಾತಿನ ಚೂರುಗಳ ಹಿಂದೆ ದೊಡ್ಡ ಸಂಗತಿಗಳಿವೆ. 1999ರ ಮಾರ್ಚಿನಲ್ಲಿ ಎಕ್ವಡಾರ್ ಸರ್ಕಾರ ಬ್ಯಾಂಕುಗಳಿಗೆ ರಜೆ ಘೋಷಿಸಿ ಜನರ ಠೇವಣಿಯನ್ನು ತಡೆಹಿಡಿಯಿತು. ಜೀವಮಾನದ ಉಳಿತಾಯ ಕಣ್ಣೆದುರೇ ಕರಗಿತು. 2000ದ ಜನವರಿಯಲ್ಲಿ ಅಧ್ಯಕ್ಷ ಹಮೀಲ್ ಮಾವಾದ್, ದೇಶದ ಸ್ವಂತ ನಾಣ್ಯ ಸುಕ್ರೆಯನ್ನೇ ಕೈಬಿಟ್ಟು ಅಮೆರಿಕದ ಡಾಲರ್ ಬಳಕೆಗೆ ತರುವುದಾಗಿ ಸಾರಿದರು. ಒಂದು ಡಾಲರಿಗೆ 25,000 ಸುಕ್ರೆ ಲೆಕ್ಕ. ಅದೇ ತಿಂಗಳು ಜನ ಬೀದಿಗಿಳಿದು, ಸೇನೆಯ ಒಂದು ಭಾಗವೂ ಸೇರಿ, ಮಾವಾದ್ ಕುರ್ಚಿ ಕಳೆದುಕೊಂಡರು. ಲಕ್ಷಾಂತರ ಮಂದಿ ಕೆಲಸ ಹುಡುಕಿಕೊಂಡು ಸ್ಪೇನ್, ಇಟಲಿ, ಅಮೆರಿಕಕ್ಕೆ ಹೋದರು. ಅಜ್ಜಿಯ ಹತ್ತಿರ ಬೆಳೆದ ಮಕ್ಕಳ ಒಂದು ತಲೆಮಾರೇ ಆ ದೇಶದಲ್ಲಿದೆ.

ಇಂಥ ಹೊತ್ತಲ್ಲೇ ಅವರ ಫುಟ್‌ಬಾಲ್ ತಂಡ ಗೆಲ್ಲತೊಡಗಿತು. ದಕ್ಷಿಣ ಅಮೆರಿಕದ ಅರ್ಹತಾ ಸುತ್ತು ಅಂದರೆ ಹತ್ತು ದೇಶ, ಒಬ್ಬೊಬ್ಬರಿಗೆ ಹದಿನೆಂಟು ಪಂದ್ಯ, ಒಂದೂವರೆ ವರ್ಷಕ್ಕೂ ಮೀರಿದ ಹೋರಾಟ. ಕೀಟೊ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ. ಬಂದ ತಂಡಗಳಿಗೆ ಉಸಿರು ಸಾಲದು. 2001ರ ಮಾರ್ಚ್ 28ರಂದು ಅಲ್ಲಿನ ಅತಾವಾಲ್ಪಾ ಕ್ರೀಡಾಂಗಣದಲ್ಲಿ ಅಗುಸ್ತಿನ್ ದೆಲ್ಗಾದೊ ಹೊಡೆದ ಒಂದೇ ಗೋಲಿನಿಂದ ಬ್ರೆಜಿಲ್ ಸೋತಿತು. ಹಾಗಂತ ಎಲ್ಲವನ್ನೂ ಎತ್ತರದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ದೆಲ್ಗಾದೊ, ಉಲೀಸೆಸ್ ದೆ ಲಾ ಕ್ರುಸ್ ಮುಂತಾದವರು ಬಂದದ್ದು ಚೋತಾ ಕಣಿವೆಯಿಂದ. ಗುಲಾಮರಾಗಿ ಕರೆತಂದ ಆಫ್ರಿಕನ್ನರ ಸಂತತಿಯವರು ನೆಲೆಸಿರುವ ಬಡ ಕಣಿವೆ ಅದು. ದೆ ಲಾ ಕ್ರುಸ್ ಮುಂದೆ ಇಂಗ್ಲೆಂಡಿನಲ್ಲಿ ಆಡಿ ಸಂಪಾದಿಸಿದ ದುಡ್ಡಿನಲ್ಲಿ ತನ್ನ ಹಳ್ಳಿಗೆ ಕುಡಿಯುವ ನೀರು, ಆಸ್ಪತ್ರೆ ಮಾಡಿಸಿದ. ತಂಡದ ಕೋಚ್ ಕೊಲಂಬಿಯಾದ ಎರ್ನಾನ್ ದಾರಿಯೊ ಗೊಮೆಸ್. 2001ರ ಮೇ ತಿಂಗಳಲ್ಲಿ ಗ್ವಾಯಾಕಿಲ್‌ನ ಹೋಟೆಲೊಂದರಲ್ಲಿ ಅವರ ಕಾಲಿಗೆ ಗುಂಡು ಹೊಡೆದರು. ರಾಜೀನಾಮೆ ಕೊಟ್ಟವರನ್ನು ದೇಶವೇ ಬೇಡಿಕೊಂಡು ಮರಳಿ ಕರೆತಂದಿತು. ಇಷ್ಟೆಲ್ಲ ನಾಟಕವಿದ್ದರೂ ಗೇಮ್ ಅದನ್ನು ಎದುರಿಗೆ ತಂದು ನಿಲ್ಲಿಸುವುದಿಲ್ಲ. ನಾನು ಹುಡುಕಿ ಓದಿಕೊಂಡೆ. ಆಮೇಲೆ ಇನ್ನೊಮ್ಮೆ ಆಡಿದಾಗ, ಮೊದಲು ಕಿವಿ ಪಕ್ಕ ಹಾದುಹೋಗಿದ್ದ ಬೆಂಚಿನ ಮಾತುಗಳೆಲ್ಲ ತೂಕ ಪಡೆದವು.

ನನಗೆ ಇದೆಲ್ಲ ಇಷ್ಟು ಹತ್ತಿರವಾಗಲು ಕಾರಣ ನಾನು ಹುಟ್ಟಿ ಬೆಳೆದ ಊರು. ಕೆಜಿಎಫ್. 2001ರ ಫೆಬ್ರವರಿ 28ರಂದು ನಮ್ಮೂರಿನ ಚಿನ್ನದ ಗಣಿ ಮುಚ್ಚಿತು. ಹುಲಿಯಾನನಿಗೆ ಗೇಮಿನಲ್ಲಿ ಎಷ್ಟು ವಯಸ್ಸೋ ಆಗ ನನಗೂ ಹೆಚ್ಚುಕಡಿಮೆ ಅಷ್ಟೇ. ಅಪ್ಪ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು. ಗಣಿ ಮುಚ್ಚುವುದು ಅಂದರೇನೆಂದು ನನಗೆ ಅರ್ಥವಾದದ್ದು ಸೈರನ್ನಿನಿಂದ. ಶಿಫ್ಟಿನ ಸೈರನ್ ಕೇಳಿ ಅಮ್ಮ ಒಲೆಗೆ ಅನ್ನ ಇಡುತ್ತಿದ್ದರು. ಅದು ನಿಂತ ಮೇಲೆ ನಮ್ಮ ಲೈನಿನ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಹೆಂಗಸರೆಲ್ಲ ಹೊತ್ತು ಎಷ್ಟಾಯಿತೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅದಕ್ಕೂ ಮುಂಚೆ, ನೆಲದಾಳದಲ್ಲಿ ಬಂಡೆ ಸಿಡಿದು ಪಾತ್ರೆಗಳು ಅದುರುತ್ತಿದ್ದ ಕಾಲ. ‘ಏರ್‌ಬ್ಲಾಸ್ಟ್’ ಅಂತ ಹೇಳಿ ದೊಡ್ಡವರು ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು, ಆಮೇಲೆ ಯಾರ ಮನೆಯವರು ಯಾವ ಶಿಫ್ಟು ಅಂತ ಲೆಕ್ಕ ಹಾಕುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಅಪ್ಪ ಬೆಂಗಳೂರಿನಲ್ಲಿ ವೈರಿಂಗ್ ಕೆಲಸ ಹಿಡಿದರು. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿದರೆ ಮನೆಗೆ ಬರುವುದು ನಾವು ಮಲಗಿದ ಮೇಲೆ. ಊರಿನ ಅರ್ಧ ಗಂಡಸರು ಆ ರೈಲಿನಲ್ಲೇ ಬದುಕುತ್ತಿದ್ದರು. ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಹತ್ತಿ, ಬಂಗಾರಪೇಟೆ ದಾಟುವುದರೊಳಗೆ ಇಸ್ಪೀಟಿನ ಗುಂಪುಗಳು ಕೂಡಿಕೊಳ್ಳುತ್ತಿದ್ದವಂತೆ. ನಾನು ನೋಡಿದ್ದು ರೈಲನ್ನಲ್ಲ, ಗಂಡಸರಿಲ್ಲದ ಲೈನುಗಳನ್ನು. ಆ ಖಾಲಿಯಾದ ಊರಿನಲ್ಲಿ ಎಂದಿಗಿಂತ ಹೆಚ್ಚಾದದ್ದು ಒಂದೇ, ಫುಟ್‌ಬಾಲ್.

ಕೆಜಿಎಫ್‌ನಲ್ಲಿ ಫುಟ್‌ಬಾಲ್ ಬ್ರಿಟಿಷರ ಕಾಲದಿಂದ ಬಂದದ್ದು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಗಣಿಗಾರಿಕೆ ಬೆಳೆಸಿದಾಗ ಕ್ಲಬ್ಬು, ಗ್ರೌಂಡು, ಆಟ ಎಲ್ಲ ಜೊತೆಗೇ ಬಂದವು. ಸಾಹೇಬರು ಹೋದರು, ಆಟ ಲೈನುಗಳಿಗೆ ಇಳಿಯಿತು. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಬೈಗುಳದಲ್ಲಿ ನಮ್ಮ ಹುಡುಗರು ಆಡುತ್ತಿದ್ದರು. ಗ್ರೌಂಡಿನ ಒಂದು ಬದಿಗೆ ಸೈನೈಡ್ ಗುಡ್ಡ. ಚಿನ್ನ ತೆಗೆದು ಉಳಿದ ಪುಡಿಮಣ್ಣನ್ನು ತಲೆಮಾರುಗಳ ಕಾಲ ಸುರಿದು ಎದ್ದ ಬೂದು ಬಣ್ಣದ ಗುಡ್ಡ. ಬೇಸಿಗೆಯಲ್ಲಿ ಗಾಳಿ ಎದ್ದರೆ ಅಣ್ಣನ ಜೆರ್ಸಿ, ಹುಬ್ಬು, ತಲೆಗೂದಲು ಎಲ್ಲ ಆ ಪುಡಿಯಿಂದ ನರೆತು ಹೋಗುತ್ತಿತ್ತು.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಕಾಲೋನಿ ಟೀಮಿನಲ್ಲಿ ರೈಟ್ ಬ್ಯಾಕ್. ನಾನು ಗೋಲಿನ ಹಿಂದೆ ನಿಲ್ಲುವವಳು. ಚೆಂಡು ಹೊರಗೆ ಬಂದರೆ ಓಡಿ ತರುವ ಕೆಲಸ ನನ್ನದು ಮತ್ತು ನನ್ನಂಥ ಒಂದಿಷ್ಟು ಚಿಕ್ಕವರದು. ತಂದ ಚೆಂಡನ್ನು ಕೈಯಲ್ಲೇ ಎಸೆಯಬೇಕು, ಒದೆಯುವ ಹಾಗಿಲ್ಲ. ಒದ್ದರೆ ದಿಕ್ಕು ತಪ್ಪಿ ಟೈಮ್ ಹಾಳಾಗುತ್ತದೆ ಅಂತ ಅಣ್ಣ ಗದರುತ್ತಿದ್ದ. ಗುಡ್ಡದ ಬುಡಕ್ಕೆ ಉರುಳಿಹೋದ ಚೆಂಡನ್ನು ತರಲು ಹೋದಾಗ ಮಾತ್ರ ಯಾರ ಕಣ್ಣೂ ಇರುತ್ತಿರಲಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ಕಾಲಲ್ಲಿ ತಳ್ಳಿಕೊಂಡು ಬಂದು, ಗ್ರೌಂಡ್ ಕಾಣುವಷ್ಟರಲ್ಲಿ ಕೈಗೆತ್ತಿಕೊಳ್ಳುತ್ತಿದ್ದೆ. ಆ ನಾಲ್ಕು ಹೆಜ್ಜೆಯ ಸುಖ ನನಗೆ ಇವತ್ತಿಗೂ ಮೈಯಲ್ಲಿದೆ. ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಗ್ರೌಂಡಿನ ಕಡೆ ಹೋಗುವುದೇ ನಿಂತಿತು. ಯಾರೂ ಕೂತು ಬೇಡ ಅನ್ನಲಿಲ್ಲ. ಸಂಜೆ ಹೊತ್ತಿಗೆ ಮನೆಯಲ್ಲಿ ಒಂದೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು ಅಷ್ಟೇ.

‘ದೆಸ್ಪೆಲೋತೆ’ ನನ್ನ ಕಾಲಿಗೆ ಚೆಂಡು ಕೊಟ್ಟಾಗ ನಾನು ಕಥೆಯ ಕಡೆಗೆ ಗಮನವೇ ಕೊಡಲಿಲ್ಲ. ಪಾರ್ಕಿನಲ್ಲಿ ಸುಮ್ಮನೆ ಚೆಂಡು ತಳ್ಳಿಕೊಂಡು ಸುತ್ತಿದೆ. ಅಮ್ಮ ಹೇಳಿದ ಹೊತ್ತು ಮೀರಿತು. ಗಡಿಯಾರ ನೋಡುವ ಬಟನ್ ಒತ್ತಿ ಒತ್ತಿ ನೋಡುತ್ತಲೇ ಇನ್ನೊಂದು ಸುತ್ತು ಹಾಕಿದೆ.

ಅಣ್ಣ ಈಗ ವೈಟ್‌ಫೀಲ್ಡ್ ಹತ್ತಿರ ಮನೆ ಮಾಡಿದ್ದಾನೆ. ಮೊಣಕಾಲಿನ ನೋವಿಗೆ ಫುಟ್‌ಬಾಲ್ ಬಿಟ್ಟು ಬಹಳ ವರ್ಷವಾಯಿತು. ಒಂದು ಭಾನುವಾರ ಅವನ ಮುಂದೆ ಲ್ಯಾಪ್‌ಟಾಪಿಟ್ಟು ಕಂಟ್ರೋಲರ್ ಕೈಗೆ ಕೊಟ್ಟೆ. ಶುರುವಿನಲ್ಲಿ ಹುಲಿಯಾನ್ ತನ್ನ ಮನೆಯ ಟಿವಿಯಲ್ಲಿ ‘ತಿನೊ ತಿನೀಸ್ ಸಾಕರ್ 99’ ಅಂತ ಒಂದು ಹಳೆ ಕಾಲದ ವಿಡಿಯೊ ಗೇಮ್ ಆಡುತ್ತಾನೆ. ಗೇಮಿನೊಳಗೊಂದು ಗೇಮ್. ಮೇಲಿಂದ ಕಾಣುವ ಪುಟ್ಟ ಗ್ರೌಂಡು, ಪುಟ್ಟ ಆಟಗಾರರು. ಅಣ್ಣನಿಗೆ ಅದು ಬಲು ಖುಷಿಯಾಯಿತು. ಬೀದಿಗೆ ಬಂದ ಮೇಲೆ ಮುಖ ಬಿಗಿಯಾಯಿತು.

‘ಮ್ಯಾಚ್ ಯಾವಾಗ ಬರುತ್ತೆ?’

‘ಅಂಗಡೀಲಿ ಟಿವಿ ಇದೆ ನೋಡಣ್ಣ, ಅದರಲ್ಲಿ ಬರ್ತಾ ಇದೆ.’

‘ಅದಲ್ಲ ಕಣೆ, ನಾವು ಆಡೋ ಮ್ಯಾಚು.’

‘ಅದಿಲ್ಲ.’

‘ಇಲ್ಲ ಅಂದ್ರೆ?’

ಅವನು ಅರ್ಧಕ್ಕೇ ಬಿಡಲಿಲ್ಲ, ಕೊನೆಯವರೆಗೆ ಆಡಿದ. ಮುಗಿದ ಮೇಲೆ ಹೇಳಿದ ಮಾತನ್ನು ನಾನು ಗೌರವದಿಂದಲೇ ಕೇಳಿಸಿಕೊಂಡೆ. ಏಕೆಂದರೆ ಅವನು ನಿಜವಾಗಿ ಆಡಿದವನು. ‘ಬಾಲ್ ಚೆನ್ನಾಗಿ ಮಾಡಿದ್ದಾರೆ. ಬಾಲ್ ಉರುಳೋದು ನಮ್ಮ ಗ್ರೌಂಡಿನ ಥರಾನೇ ಇದೆ. ಆದರೆ ಹನ್ನೊಂದು ಜನ ಸೇರಿ ಒಂದು ಗೋಲು ತಡೆಯೋದು ಅಂದ್ರೆ ಏನು ಅಂತ ಇದನ್ನ ಮಾಡಿದವರಿಗೆ ಗೊತ್ತಿಲ್ಲ. ಗೊತ್ತಿದ್ರೆ ಅದನ್ನ ಬಿಡ್ತಾ ಇರ್ಲಿಲ್ಲ.’ ಡಿಫೆಂಡರ್ ಆಡಿದವನ ಮಾತು ಇದು. ಪಕ್ಕದವನ ಉಸಿರು ಕೇಳುತ್ತ, ಅವನು ಮುಂದೆ ಹೋದರೆ ತಾನು ಹಿಂದೆ ಸರಿಯುತ್ತ ಆಡಿದ ತೊಂಬತ್ತು ನಿಮಿಷಗಳು ಅವನ ಪಾಲಿಗೆ ಫುಟ್‌ಬಾಲ್. ಆ ಅನುಭವ ಈ ಗೇಮಿನಲ್ಲಿ ಇಲ್ಲ. ಅವನ ದೂರು ನ್ಯಾಯವಾದದ್ದು.

ಅವನ ಮಗನ ತಕರಾರು ಬೇರೆ. ಹತ್ತನೇ ಕ್ಲಾಸಿಗೆ ಬರುವ ಹುಡುಗ, ಫುಟ್‌ಬಾಲ್ ಗೇಮ್‌ಗಳಲ್ಲಿ ಪಳಗಿದ ಕೈ. ‘ಅತ್ತೆ, ಇದರಲ್ಲಿ ನಾನು ಏನು ಮಾಡಿದ್ರೂ ಏನೂ ಬದಲಾಗಲ್ಲ’ ಅಂದ. ಹಿಂದೆ ಅವನು ಮನಸಾರೆ ಆಡಿದ್ದು ‘ಫಿಫಾ 17’ರಲ್ಲಿ ಬಂದ ‘ದಿ ಜರ್ನಿ’. 2016ರಲ್ಲಿ ಬಂದ ಆ ಕಥೆಯಲ್ಲಿ ಲಂಡನ್ನಿನ ಅಲೆಕ್ಸ್ ಹಂಟರ್ ಎಂಬ ಹುಡುಗ ದೊಡ್ಡ ಕ್ಲಬ್ಬಿಗೆ ಸೇರುತ್ತಾನೆ. ಮುಂದಿನ ಎರಡು ವರ್ಷದ ಆವೃತ್ತಿಗಳಲ್ಲೂ ಅವನ ಕಥೆ ಮುಂದುವರಿಯಿತು. ನಾವು ಚೆನ್ನಾಗಿ ಆಡಿದರೆ ಹಂಟರ್ ಮೇಲೇರುತ್ತಾನೆ, ಕೋಚಿಗೆ ಕೊಡುವ ಉತ್ತರ ನಾವೇ ಆರಿಸಬಹುದು, ಕೊನೆಗೆ ಸ್ಟೇಡಿಯಂ ತುಂಬ ನಮ್ಮದೇ ಹೆಸರು. ಒಳ್ಳೆಯ ಕಥೆಯೇ. ನಾನೂ ಪಕ್ಕದಲ್ಲಿ ಕೂತು ನೋಡಿದ್ದೇನೆ. ಆದರೆ ಕ್ರೀಡೆಯ ಗೇಮ್‌ಗಳೆಲ್ಲ ಕೂಡಿ ಮೂವತ್ತು ನಲವತ್ತು ವರ್ಷದಿಂದ ನಮಗೆ ಕೊಟ್ಟದ್ದು ಒಂದೇ ಪಾತ್ರ: ಕ್ಯಾಪ್ಟನ್, ಸ್ಟ್ರೈಕರ್, ಬ್ಯಾಟ್ಸ್‌ಮನ್, ಕಪ್ ಎತ್ತುವವರು. ಲೋಕದಲ್ಲಿ ಅವರೆಷ್ಟು ಮಂದಿ? ಉಳಿದವರೆಲ್ಲ ರೇಡಿಯೊ ಪಕ್ಕ ಕೂತವರು, ಅಂಗಡಿ ಮುಂದೆ ನಿಂತವರು, ಗೋಲಿನ ಹಿಂದೆ ಚೆಂಡು ತರುವವರು. ನಮ್ಮ ಕೈಯಲ್ಲಿ ಏನೂ ಇಲ್ಲದಿರುವಾಗಲೂ ಉಗುರು ಕಡಿದುಕೊಂಡು ಕಾದಿದ್ದೇವೆ. ನಮ್ಮ ಕ್ರೀಡಾಜೀವನ ಅಂತ ಏನಾದರೂ ಇದ್ದರೆ ಅದು ಆ ಕಾಯುವಿಕೆಯೇ. ಅಳಿಯ ಕೊರತೆ ಎಂದದ್ದು ನನಗೆ ಈ ಗೇಮಿನ ಎದೆಗಾರಿಕೆಯಾಗಿ ಕಂಡಿತು. ಏನು ಮಾಡಿದರೂ ಏನೂ ಬದಲಾಗದ ಜಾಗದಲ್ಲಿ ನಮ್ಮನ್ನು ನಿಲ್ಲಿಸಿ, ಅಲ್ಲೂ ಒಂದು ಪೂರ್ತಿ ಬದುಕಿದೆ ಎಂದು ಅದು ತೋರಿಸಿತು.

ಅಂಗಡಿಯ ಟಿವಿಯನ್ನೇ ನೋಡಿ. ಹುಲಿಯಾನ್ ಚೆಂಡು ಒದೆಯುತ್ತ ಬೀದಿಯಲ್ಲಿ ಬರುವಾಗ ಅಂಗಡಿಯೊಳಗೆ ಟಿವಿ ಉರಿಯುತ್ತಿರುತ್ತದೆ. ಅದರ ಸುತ್ತ ದೊಡ್ಡವರ ಬೆನ್ನುಗಳು. ಪರದೆ ಪೂರ್ತಿ ಕಾಣುವುದಿಲ್ಲ. ಕಾಣಬೇಕಾದರೆ ಜಾಗ ಹುಡುಕಬೇಕು, ಕಂಡರೂ ಆಟಗಾರರು ಇರುವೆಯಷ್ಟು. ದೊಡ್ಡವರು ಒಮ್ಮೆಲೇ ‘ಅಯ್ಯೋ’ ಎಂದಾಗ ಏನಾಯಿತೆಂದು ಗೊತ್ತಾಗುವುದು ಅವರ ಭುಜ ನೋಡಿ, ಪರದೆ ನೋಡಿ ಅಲ್ಲ. ಕೀಟೊದ ಬೀದಿಗಳಲ್ಲೇ ಹಿಡಿದ ಶಬ್ದ ಇಲ್ಲಿದೆ. ಕೊರ್ದೆರೊನ ಮನೆಯವರು, ಗೆಳೆಯರು ಬಾಯಿಪಾಠವಿಲ್ಲದೆ ಆಡಿದ ಮಾತುಗಳಿವೆ. ಅದಕ್ಕೇ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ, ಅರ್ಧ ಹೇಳಿ ಬಿಡುತ್ತಾರೆ, ನಡುವೆ ಯಾರೋ ನಗುತ್ತಾರೆ. ಇದನ್ನು ಮೆಚ್ಚದವರು ‘ಯಾರು ಏನು ಹೇಳಿದರೆಂದು ತಿಳಿಯಲಿಲ್ಲ, ಸಬ್‌ಟೈಟಲ್ ಓದುವುದರೊಳಗೆ ಮಾಯವಾಯಿತು’ ಎಂದು ದೂರುತ್ತಾರೆ. ಮೂರು ಭಾಷೆಯ ಜಗಳಗಳ ನಡುವೆ ಬೆಳೆದ ನನಗೆ ಅದು ತೊಂದರೆ ಅನಿಸಲಿಲ್ಲ. ಮಕ್ಕಳು ಯಾವತ್ತೂ ದೊಡ್ಡವರ ಮಾತನ್ನು ಪೂರ್ತಿ ಕೇಳಿರುವುದಿಲ್ಲ.

ಗೇಮಿನಲ್ಲಿ ನನಗೆ ಒಪ್ಪಿಗೆಯಾಗದ ಜಾಗವೂ ಒಂದಿದೆ. ನಡುವೆ ಕಥೆ ಮುಂದಕ್ಕೆ ಹಾರಿ ಹದಿಹರೆಯದ ಹುಲಿಯಾನನನ್ನು ತೋರಿಸುತ್ತದೆ. ರಾತ್ರಿಯ ಪಾರ್ಟಿ, ಗೆಳೆಯರು, ಕುಡಿತ. ಅಲ್ಲಿ ಚೆಂಡಿನ ಸೆಳೆತವೂ ಇಲ್ಲ, ಪಾರ್ಕಿನ ಜನರೂ ಇಲ್ಲ. ಏನೋ ಕಳೆದುಹೋಯಿತೆಂದು ಹೇಳಲು ಅದು ಬೇಕಿತ್ತೇನೋ. ಆದರೆ ಎರಡೇ ಗಂಟೆಯ ಗೇಮಿನಲ್ಲಿ ಆ ಹೊತ್ತನ್ನೂ ಪಾರ್ಕಿಗೇ ಕೊಟ್ಟಿದ್ದರೆ ನಾನು ಇನ್ನೊಂದು ಸಂಜೆ ಅಲ್ಲಿ ಸುತ್ತುತ್ತಿದ್ದೆ. ‘ಚಿಕ್ಕದಾಯಿತು’ ಅನ್ನುವವರ ಜೊತೆ ನಾನು ದನಿಗೂಡಿಸುವುದು ಇಷ್ಟಕ್ಕೆ ಮಾತ್ರ. ದುಡ್ಡಿಗೆ ಇಷ್ಟು ಗಂಟೆ ಎಂದು ಅಳೆಯುವವರ ಲೆಕ್ಕ ನನ್ನದಲ್ಲ.

ನವೆಂಬರ್ 7, 2001, ಬುಧವಾರ. ಅತಾವಾಲ್ಪಾ ಕ್ರೀಡಾಂಗಣದಲ್ಲಿ ಎದುರಾಳಿ ಉರುಗ್ವೆ. ಎಕ್ವಡಾರ್‌ಗೆ ಡ್ರಾ ಆದರೂ ಸಾಕು. ಮೊದಲರ್ಧ ಮುಗಿಯುವ ಹೊತ್ತಿಗೆ ಉರುಗ್ವೆಗೆ ಪೆನಾಲ್ಟಿ ಸಿಕ್ಕಿತು, ನಿಕೊಲಾಸ್ ಒಲಿವೆರಾ ಗೋಲು ಮಾಡಿದ. ಬ್ಯಾಂಕು ಮುಳುಗಿದ, ನಾಣ್ಯ ಕಳೆದುಕೊಂಡ, ಮನೆಗೊಬ್ಬರನ್ನು ಪರದೇಶಕ್ಕೆ ಕಳಿಸಿದ ಜನ ಆ ಹದಿನೈದು ನಿಮಿಷದ ವಿರಾಮವನ್ನು ಹೇಗೆ ಕಳೆದಿರಬಹುದು? ಎಪ್ಪತ್ತೆರಡನೇ ನಿಮಿಷದಲ್ಲಿ ಕ್ಯಾಪ್ಟನ್ ಅಲೆಕ್ಸ್ ಅಗಿನಾಗಾ ಚೆಂಡನ್ನು ಗೋಲಿನ ಮುಂದಕ್ಕೆ ತೇಲಿಸಿದ. ಇವಾನ್ ಕಾವಿಯೆದೆಸ್ ತಲೆ ಕೊಟ್ಟ. ಒಂದು–ಒಂದು. ಹಾಗೇ ಮುಗಿಯಿತು. ಅರ್ಹತಾ ಸುತ್ತು ಪೂರ್ತಿ ಮುಗಿದಾಗ ಹದಿನೆಂಟು ಪಂದ್ಯಗಳಿಂದ 31 ಅಂಕ, ಬ್ರೆಜಿಲ್‌ಗಿಂತ ಒಂದು ಹೆಚ್ಚು. ಅರ್ಜೆಂಟೀನಾದ ನಂತರ ಎರಡನೇ ಸ್ಥಾನ.

   

ಆ ಹೆಡರ್ ಹೊಡೆಯಲು ‘ದೆಸ್ಪೆಲೋತೆ’ ನಮಗೆ ಬಿಡುವುದಿಲ್ಲ. ಬೇರೆ ಯಾರೇ ಮಾಡಿದ್ದರೂ ಕಥೆಯ ಕೊನೆಗೆ ನಮ್ಮನ್ನು ಕಾವಿಯೆದೆಸ್ ಮಾಡಿ, ಬಟನ್ ಒತ್ತಿಸಿ, ಜನಸಾಗರವನ್ನು ಎಬ್ಬಿಸುತ್ತಿದ್ದರು. ಇಲ್ಲಿ ನಾವು ಹುಲಿಯಾನನೇ. ಗೋಲು ದೇಶಕ್ಕೆ ಬರುತ್ತದೆ, ನಾವು ಆ ದೇಶದಲ್ಲಿ ಎಲ್ಲೋ ಇರುತ್ತೇವೆ. ಅಪ್ಪ, ಅಮ್ಮ, ಅಂಗಡಿಯವನು, ಬೆಂಚಿನವರು ಕೂಗುವುದನ್ನು ಕೇಳಿಯೇ ನಮಗೆ ಅದರ ಗಾತ್ರ ತಿಳಿಯಬೇಕು. ಆ ಕೂಗಿನಲ್ಲಿ ಫುಟ್‌ಬಾಲ್‌ಗೆ ಸಂಬಂಧವೇ ಇಲ್ಲದ ಎಷ್ಟೋ ಇತ್ತೆಂದು ಅನಿಸಿದ್ದು ನನಗೆ ಈಗ, ಈ ವಯಸ್ಸಿನಲ್ಲಿ.

ಎಕ್ವಡಾರ್ ಹೆಸರನ್ನು ನಾನು ಮೊದಲು ಕೇಳಿದ್ದು ಗಣಿ ಮುಚ್ಚಿದ ಮುಂದಿನ ವರ್ಷ. 2002ರ ವಿಶ್ವಕಪ್ ಜಪಾನ್, ಕೊರಿಯಾದಲ್ಲಿ ನಡೆದದ್ದರಿಂದ ನಮಗೆ ಮಧ್ಯಾಹ್ನ, ಸಂಜೆಗೆ ಪಂದ್ಯಗಳು. ಗಂಡಸರಿಲ್ಲದ ನಮ್ಮ ಲೈನುಗಳ ಹುಡುಗರೆಲ್ಲ ಟಿವಿ ಇದ್ದ ಕಡೆ ಗುಂಪುಗೂಡುತ್ತಿದ್ದರು. ಜೂನ್ 13ರ ಸಂಜೆ ಐದಕ್ಕೆ ಒಂದೇ ಗುಂಪಿನ ಎರಡು ಪಂದ್ಯ ಒಟ್ಟಿಗೇ ಇದ್ದವು. ಒಂದು ಕಡೆ ಇಟಲಿ–ಮೆಕ್ಸಿಕೊ, ಇನ್ನೊಂದು ಕಡೆ ಯೊಕೊಹಾಮಾದಲ್ಲಿ ಎಕ್ವಡಾರ್–ಕ್ರೊಯೇಷಿಯಾ. ಅಣ್ಣ ಮತ್ತವನ ಗೆಳೆಯರಿಗೆ ಇಟಲಿಯ ಮಾಲ್ದೀನಿ ಅಂದರೆ ಪ್ರಾಣ. ಹಾಕಿದ್ದು ಇಟಲಿ ಪಂದ್ಯ. ದೆಲ್ ಪಿಯೆರೊ ಕೊನೆಯಲ್ಲಿ ಹೆಡ್ ಮಾಡಿ ಇಟಲಿಯನ್ನು ಉಳಿಸಿದಾಗ ಎದ್ದ ಗಲಾಟೆ ನನಗೆ ಚೆನ್ನಾಗಿ ನೆನಪಿದೆ. ಆ ಹೊತ್ತಲ್ಲೇ ಇನ್ನೊಂದು ಗ್ರೌಂಡಿನಲ್ಲಿ ಎದಿಸೊನ್ ಮೆಂದೆಸ್ ಹೊಡೆದ ಗೋಲಿನಿಂದ ಎಕ್ವಡಾರ್ ತನ್ನ ಮೊಟ್ಟಮೊದಲ ವಿಶ್ವಕಪ್ ಗೆಲುವು ಕಂಡಿತ್ತು. ನಮಗೆ ಅದು ಬಂದದ್ದು ಪರದೆಯ ಮೇಲಿನ ಒಂದು ಅಂಕಿಯಾಗಿ. ಗುಂಪಿನಲ್ಲಿ ಕೊನೆಯ ಸ್ಥಾನ ಪಡೆದು ಅವರು ಮನೆಗೆ ಹೋದರು. ‘ಅದ್ಯಾವ ದೇಶನೋ’ ಅಂತ ಯಾರೋ ಕೇಳಿದರು. ಉತ್ತರ ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಅಣ್ಣನಿಗೆ ಹೇಳಿದೆ. ನಾವು ಇಟಲಿ ನೋಡುತ್ತಿದ್ದಾಗ ಆ ಪಾರ್ಕಿನ ಜನ, ಆ ಬೆಂಚಿನವರು, ಆ ಅಂಗಡಿಯವನು ಅದೇ ಗಳಿಗೆಯಲ್ಲಿ ಇನ್ನೊಂದು ಪಂದ್ಯ ನೋಡುತ್ತಿದ್ದರು. ಅವರಿಗಾಗ ಬೆಳಗಿನ ಹೊತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮೂರಿಂದು ಯಾರಾದರೂ ಹಿಂಗೆ ಮಾಡ್ತಾರಾ?’ ಅಂದ. ಗೇಮಿನ ಬಗ್ಗೆ ಅವನ ಅಭಿಪ್ರಾಯ ಬದಲಾಗಿಲ್ಲ. ಇವತ್ತಿಗೂ ಅದು ಫುಟ್‌ಬಾಲ್ ಗೇಮ್ ಅಲ್ಲ ಅಂತಲೇ ಅನ್ನುತ್ತಾನೆ. ಆದರೆ ಅವತ್ತಿಂದ ಅಣ್ಣತಂಗಿಯರ ಫೋನಿನ ಮಾತು ಬೇರೆಯಾಗಿದೆ. ಕೆಜಿಎಫ್ ಗೇಮ್ ಮಾಡುವುದಾದರೆ ಯಾವ ಯಾವ ಶಬ್ದ ಹಿಡಿಯಬೇಕು? ಸೈರನ್ ಈಗ ಎಲ್ಲೂ ಸಿಗುವುದಿಲ್ಲ. ಮಾರಿಕುಪ್ಪಂ ರೈಲು ಸಿಗುತ್ತದೆ. ಗುಡ್ಡದ ಮೇಲಿಂದ ಬೀಸುವ ಗಾಳಿ ಸಿಗುತ್ತದೆ. ನಮ್ಮ ಲೈನಿನ ಅಜ್ಜಿಯರ ತಮಿಳುಗನ್ನಡವನ್ನು ಮಾತ್ರ ಬೇಗ ರೆಕಾರ್ಡ್ ಮಾಡಿಕೊಳ್ಳಬೇಕು, ಅವರಲ್ಲಿ ಉಳಿದಿರುವವರು ಕೆಲವರೇ. ಏರ್‌ಬ್ಲಾಸ್ಟಿಗೆ ಪಾತ್ರೆ ಅದುರುವ ಸದ್ದು ಹೇಗಿತ್ತೆಂದು ಅಣ್ಣ ಬಾಯಲ್ಲೇ ಮಾಡಿ ತೋರಿಸುತ್ತಾನೆ, ನಾನು ಹಾಗಲ್ಲ ಹೀಗೆ ಅನ್ನುತ್ತೇನೆ. ಇಟಲಿ ಪಂದ್ಯ ನೋಡಿದ ಟಿವಿ ಇದ್ದದ್ದು ಸೈಕಲ್ ಶಾಪಿನಲ್ಲಿ ಅಂತ ನನ್ನ ವಾದ. ಟೀ ಅಂಗಡಿಯಲ್ಲಿ ಅಂತ ಅವನದು. ಅಮ್ಮನನ್ನು ಕೇಳಿದರೆ, ಎರಡೂ ಅಲ್ಲ, ರೇಷನ್ ಅಂಗಡಿ ಪಕ್ಕದ ಮನೆಯವರು ಕಿಟಕಿಗೆ ಟಿವಿ ತಿರುಗಿಸಿಟ್ಟಿದ್ದರು, ನೀವೆಲ್ಲ ಹೊರಗೆ ನಿಂತು ನೋಡಿದ್ದು ಅಂತಾರೆ. ಅಣ್ಣ ಒಪ್ಪುತ್ತಿಲ್ಲ. ಮುಂದಿನ ಭಾನುವಾರ ಅಳಿಯನನ್ನೂ ಕರೆದುಕೊಂಡು ಊರಿಗೆ ಹೋಗಿ, ಆ ಕಾಲದ ಗೋಲ್‌ಕೀಪರ್ ಇನ್ನೂ ಅಲ್ಲೇ ಇದ್ದಾನೆ, ಅವನನ್ನೇ ಕೇಳುವುದು ಅಂತ ಮಾತಾಗಿದೆ.